ಯಾವ ಕಡೆಗೂ ಸೇರದ ನೀರಗಂಟಿ

ತಿಮ್ಮನಕೊಪ್ಪಲಿನ ಕೆರೆಗೆ ನೀರಗಂಟಿಯಾಗಿದ್ದವನು ಕೆಂಚಯ್ಯ. ಹಳೇಬೀಡಿನಿಂದ ಹುಲಿಕೆರೆ ದಾರಿ ಹಿಡಿದು, ಅಲ್ಲಿನ ಕಲ್ಯಾಣಿಯನ್ನೂ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಕೆರೆಯ ಕೆಳಗೆ ಎಂಬತ್ತು ಎಕರೆ ಗದ್ದೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ಹೇಳುವುದು, ಎಲ್ಲ ಅವನ ಕೈಯಲ್ಲಿತ್ತು. ಎಂಥ ದೊಡ್ಡ ಮನೆಯವರಾದರೂ ಗುದ್ದಲಿ ಹಿಡಿದು ತಮ್ಮ ಗದ್ದೆಗೆ ತಾವೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ.

ಈ ಕೆಲಸಕ್ಕೊಂದು ಕಟ್ಟುಪಾಡಿತ್ತು. ನೀರಗಂಟಿಗೆ ಆ ಕೆರೆಯ ಕೆಳಗೆ ಒಂದು ಗೇಣು ಗದ್ದೆಯೂ ಇರಕೂಡದು. ಗದ್ದೆಯಿಲ್ಲದವನ ಮನಸ್ಸು ಯಾವ ಗದ್ದೆಯ ಕಡೆಗೂ ವಾಲುವುದಿಲ್ಲ ಎಂದು ಹಿರಿಯರು ನಂಬಿದ್ದರು. ವರ್ಷಕ್ಕೊಮ್ಮೆ ತೂಬು ಎತ್ತುವ ಮೊದಲ ದಿನ ಕೆಂಚಯ್ಯ ಸೊಂಟದವರೆಗೆ ನೀರಿಗಿಳಿದು, ಗಂಗಮ್ಮನಿಗೆ ಕೈ ಮುಗಿದು, "ತಾಯಿ, ನಾನು ಯಾರ ಕಡೆಯೋನೂ ಅಲ್ಲ" ಎಂದು ಮೂರು ಸಲ ಹೇಳುತ್ತಿದ್ದ. ಅಂದಿನಿಂದ ಕೊಯ್ಲು ಮುಗಿಯುವ ತನಕ ಗದ್ದೆಯವರ ಮನೆಯಲ್ಲಿ ಒಂದು ತುತ್ತು ಉಣ್ಣುವಂತಿರಲಿಲ್ಲ. ಹಾಗೆ ನೋಡಿದರೆ ಅವನನ್ನು ಒಳಗೆ ಕರೆದು ಉಣ್ಣಿಸುವವರೂ ಆ ಊರಿನಲ್ಲಿರಲಿಲ್ಲ, ಅದು ಬೇರೆ ಮಾತು.

ಕೆಂಚಯ್ಯನಿಗೆ ಒಬ್ಬನೇ ಮಗ, ಲಕ್ಕಪ್ಪ. ಹದಿನೆಂಟಕ್ಕೆ ಸೈನ್ಯ ಸೇರಿ, ಎಂಜಿನಿಯರ್ ದಳದಲ್ಲಿ ಕೊಳವೆಬಾವಿ ಕೊರೆಯುವ ತುಕಡಿಗೆ ಹವಾಲ್ದಾರನಾಗಿದ್ದ. ಅಪ್ಪ ಕೆರೆಯ ನೀರು ಹಂಚಿದರೆ ಮಗ ಬಂಡೆಯ ಕೆಳಗಿನ ನೀರು ಎತ್ತುತ್ತಾನೆ, ಒಟ್ಟಿನಲ್ಲಿ ಗಂಗಮ್ಮ ಆ ಮನೆಯವರನ್ನು ಬಿಡಲಿಲ್ಲ ಎಂದು ಊರಿನವರು ನಗುತ್ತಿದ್ದರು.

ತೊಂಬತ್ತಮೂರನೇ ಇಸವಿಯಲ್ಲಿ ಲಕ್ಕಪ್ಪನ ತುಕಡಿಯನ್ನು ಸೊಮಾಲಿಯಾ ದೇಶಕ್ಕೆ ಕಳಿಸಿದರು. ಲೋಕದ ರಾಷ್ಟ್ರಗಳೆಲ್ಲ ಸೇರಿ, ಯಾರ ಪರವಾಗಿಯೂ ಅಲ್ಲದೆ, ಜಗಳ ಬಿಡಿಸಲೆಂದೇ ನೀಲಿ ಟೋಪಿ ಹಾಕಿ ಕಳಿಸುವ ಪಡೆ ಅದು. ಅಲ್ಲಿ ಹಿಂದಿನ ವರ್ಷ ಮಳೆ ಹೋಗಿತ್ತು, ದೊರೆತನ ಹೋಗಿತ್ತು, ಉಳಿದದ್ದು ಬಂದೂಕು ಮಾತ್ರ. ಇವರು ಹೋದ ಮೇಲೆ ಹಸಿದವರಿಗೆ ಜೋಳ ಬಂತು. ಡೇರೆಯಲ್ಲಿ ಆಸ್ಪತ್ರೆ ಬಂತು. ದನಕ್ಕೂ ಒಂಟೆಗೂ ಔಷಧಿ ಬಂತು. ಸಾಯಲೆಂದು ಮಲಗಿಸಿದ್ದ ಮಕ್ಕಳು ಎದ್ದು ಕೂತದ್ದನ್ನು ಲಕ್ಕಪ್ಪ ಕಣ್ಣಾರೆ ಕಂಡ. ಅದನ್ನು ಇಲ್ಲ ಎನ್ನಲು ಯಾರಿಗೂ ಬಾಯಿ ಬರಬಾರದು.

ಬೂರ್‌ದೇರ ಎಂಬ ಊರಿನಲ್ಲಿ ಅವನೇ ನಿಂತು ಒಂದು ಬಾವಿ ಕೊರೆಸಿದ. ಆರುನೂರು ಅಡಿಗೆ ಒಳ್ಳೆಯ ನೀರು ಸಿಕ್ಕಿತು. ಡೀಸೆಲ್ ಪಂಪು ಕೂರಿಸಿ, ಪಂಪಿಗೆ ಒಂದು ಕೋಣೆ ಕಟ್ಟಿ, ಬೀಗ ಹಾಕಿದರು. ನೀರು ಬಂದ ದಿನ ಎರಡು ಕುಲದವರೂ ಸೇರಿ ಕುಣಿದರು. ಬೆಟ್ಟದ ಕಡೆ ಒಂದು ಕುಲ, ಹಳ್ಳದ ಕಡೆ ಇನ್ನೊಂದು ಕುಲ. ಮೂರನೆಯ ದಿನ, ಯಾರ ಒಂಟೆ ಮೊದಲು ಕುಡಿಯಬೇಕೆಂಬ ಮಾತಿಗೆ ಬಂದೂಕು ಎದ್ದವು. ಒಂದು ತಿಂಗಳಲ್ಲಿ ಬಾವಿಯ ಸುತ್ತ ಹನ್ನೊಂದು ಹೆಣ. ನೀರಿಲ್ಲದಾಗ ಅಲ್ಲಿ ಯಾರೂ ನೀರಿಗಾಗಿ ಕೊಂದಿರಲಿಲ್ಲ.

ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಕ್ಯಾಪ್ಟನ್ ಸಾಹೇಬರು ತಲೆ ಕೆಡಿಸಿಕೊಂಡರು. ಆ ಕುಲದವರಿಗೆ ಕೊಟ್ಟರೆ ಈ ಕುಲ ಸುಮ್ಮನಿರದು, ಈ ಕುಲಕ್ಕೆ ಕೊಟ್ಟರೆ ಆ ಕುಲ. ತಾವೇ ಇಟ್ಟುಕೊಂಡರೆ ಎಷ್ಟು ದಿನ? ಆಗ ಲಕ್ಕಪ್ಪ ಸೆಲ್ಯೂಟ್ ಹೊಡೆದು ನಿಂತ. "ಸಾಹೇಬ್, ಇದಕ್ಕೆ ನಮ್ಮೂರಲ್ಲಿ ಒಂದು ದಾರಿ ಇದೆ" ಎಂದು ಅಪ್ಪನ ಕತೆ ಹೇಳಿದ.

ಸಾಹೇಬರು ಪಂಜಾಬಿನವರು, ನೀರಿನ ಜಗಳ ಬಲ್ಲವರು. ಕೇಳಿ ನಕ್ಕರು. "ಹುಡುಕು ಹಾಗಾದರೆ, ಇಲ್ಲಿ ಅಂಥವನು ಸಿಗುತ್ತಾನೇನೋ."

ಹುಡುಕಬೇಕಾದ ಕಷ್ಟವೇನೂ ಬರಲಿಲ್ಲ. ಊರಿನ ಅಂಚಿನಲ್ಲಿ ಒಂದೇ ಒಂದು ಕಮ್ಮಾರರ ಗುಡಿಸಲು. ಆ ದೇಶದಲ್ಲಿ ಕಮ್ಮಾರರಿಗೆ ಬೇರೆ ಕುಲದವರು ಹೆಣ್ಣು ಕೊಡುವುದಿಲ್ಲ, ತರುವುದೂ ಇಲ್ಲ. ಒಂಟೆಗೆ ಗಂಟೆ, ಕತ್ತಿಗೆ ಹಿಡಿ, ಈಗೀಗ ಬಂದೂಕಿಗೆ ಮೊಳೆ, ಎಲ್ಲ ಅವರೇ ಮಾಡಿಕೊಡಬೇಕು, ಆದರೆ ಕೂಟದಲ್ಲಿ ಕೂರುವಂತಿಲ್ಲ. ನೂರ್ ಎಂದು ಅವನ ಹೆಸರು. ಹೆಂಡತಿ ಹಲೀಮಾ, ಹದಿನಾಲ್ಕು ವರ್ಷದ ಮಗ ಯೂಸುಫ್. ಆ ಗುಡಿಸಲ ಮುಂದೆ ನಿಂತಾಗ ಲಕ್ಕಪ್ಪನಿಗೆ ತನ್ನ ಕೇರಿಗೇ ಬಂದಂತಾಯಿತು. ಎರಡು ಕುಲದ ಹಿರಿಯರನ್ನೂ ಕೂರಿಸಿ ಒಪ್ಪಿಸಿದರು. ನೂರ್ ತನ್ನ ದೇವರ ಹೆಸರು ಹೇಳಿ, ತಾನು ಯಾರ ಕಡೆಯವನೂ ಅಲ್ಲವೆಂದು ಬಾವಿಯ ಮುಂದೆ ಆಣೆ ಮಾಡಿದ. ಆಣೆ ಯಾವ ಮಾತಿನಲ್ಲಿ ಮಾಡಿದರೂ ಕೇಳಿಸಿಕೊಳ್ಳುವವನು ಒಬ್ಬನೇ ಎಂದು ಲಕ್ಕಪ್ಪ ಮನಸ್ಸಿನಲ್ಲೇ ಕೈ ಮುಗಿದ.

ಎಂಟು ತಿಂಗಳು. ಎಂಟು ತಿಂಗಳು ಆ ಬಾವಿಯ ಹತ್ತಿರ ಒಂದು ಗುಂಡು ಹಾರಲಿಲ್ಲ. ಬೆಟ್ಟದವರ ಒಂಟೆ ಬೆಳಿಗ್ಗೆ, ಹಳ್ಳದವರ ಒಂಟೆ ಮಧ್ಯಾಹ್ನ, ಹೆಂಗಸರ ಕೊಡಕ್ಕೆ ಯಾವಾಗಲೂ ಮೊದಲ ಪಾಳಿ. ಪಕ್ಕದಲ್ಲಿ ನೀಲಿ ಟೋಪಿಯ ಇಬ್ಬರು ನಿಂತಿರುತ್ತಿದ್ದರು, ನಿಜ. ಆದರೆ ಅವರು ಕೋವಿ ಎತ್ತಬೇಕಾಗಿ ಬರಲಿಲ್ಲ. ಬೇರೆ ಬೇರೆ ಸಂಸ್ಥೆಯವರು ಜೀಪಿನಲ್ಲಿ ಬಂದು ನೋಡಿದರು. ಒಬ್ಬಾಕೆ ಬಿಳಿಯ ಹೆಂಗಸು ನೂರ್‌ನ ಫೋಟೋ ತೆಗೆದು, ಲಕ್ಕಪ್ಪನನ್ನು ಕೂರಿಸಿಕೊಂಡು ಎಲ್ಲವನ್ನೂ ಬರೆದುಕೊಂಡಳು. ಯಾವ ಕಡೆಗೂ ಸೇರದವನೇ ಯಾಕೆ ಎಂಬುದನ್ನು ಎರಡು ಸಲ ಕೇಳಿ ಬರೆದುಕೊಂಡಳು.

ಆಮೇಲೆ ಪಡೆ ಹೊರಡಬೇಕೆಂದು ಹುಕುಂ ಬಂತು. ದೊಡ್ಡ ದೇಶಗಳಿಗೆ ಸಾಕಾಗಿತ್ತು. ಡೇರೆ ಬಿಚ್ಚುತ್ತಿದ್ದಾಗ ನೂರ್ ಬಂದ. ಇವರ ಜೊತೆಯಿದ್ದು ಹರಕುಮುರುಕು ಹಿಂದಿ ಕಲಿತಿದ್ದ. "ಲಕ್ಕಾ ಭಾಯ್, ನೀವು ಹೋದ ಮೇಲೆ?" ಎಂದ.

ಆ ಕುಟುಂಬವನ್ನು ಬಂದರಿನ ಪಟ್ಟಣದವರೆಗಾದರೂ ಸಾಗಿಸಬಹುದೇ ಎಂದು ಕ್ಯಾಪ್ಟನ್ ಸಾಹೇಬರು ಮೇಲಿನವರನ್ನು ಕೇಳಿದ್ದರು. ಗಾಡಿಗಳು ಪಡೆಗೂ ಪಡೆಯ ಸಾಮಾನಿಗೂ ಮಾತ್ರ ಎಂದು ಉತ್ತರ ಬಂದಿತ್ತು. ಅದನ್ನು ಹೇಳಲು ಲಕ್ಕಪ್ಪನಿಗೆ ನಾಲಗೆ ಏಳಲಿಲ್ಲ. ಬದಲಿಗೆ, ತಾನು ನಂಬಿದ್ದನ್ನೇ ಹೇಳಿದ. "ನಮ್ಮಪ್ಪ ನಲವತ್ತು ವರ್ಷದಿಂದ ನೀರು ಬಿಡ್ತಿದ್ದಾನೆ. ಅವನ ಮೈಮೇಲೆ ಒಂದು ಏಟು ಬಿದ್ದಿಲ್ಲ. ಯಾರ ಕಡೆಯೂ ಅಲ್ಲದವನನ್ನ ಯಾರೂ ಮುಟ್ಟೋದಿಲ್ಲ, ನೂರ್."

ನೂರ್ ತಲೆಯಾಡಿಸಿದ. ನಂಬಿದವನ ಮುಖ ಹೇಗಿರುತ್ತದೆಂದು ಲಕ್ಕಪ್ಪ ಆಮೇಲೆ ಬಹಳ ವರ್ಷ ನೆನೆಯಬೇಕಾಯಿತು.

ರಜೆಗೆ ಊರಿಗೆ ಬಂದವನು ಕೆರೆಯ ಏರಿಯ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದ. ಕೆಂಚಯ್ಯನಿಗೆ ಮೊದಮೊದಲು ಹಿಗ್ಗು.

"ಏನ್ಲಾ, ಆ ಸಮುದ್ರ ದಾಟಿ ಹೋಗಿ ನೀರಗಂಟಿ ನೇಮಿಸಿ ಬಂದ್ಯಾ? ಒಂಟೆಗೂ ಪಾಳಿ ಮಾಡ್ದಾ? ಭಲೆ ನನ್ ಮಗನೆ! ಒಂಟೆ ಎಷ್ಟ್ ಕುಡಿತದ್ಲಾ?"

"ಒಂದೇ ಸಲಕ್ಕೆ ನಮ್ ಬಾನಿ ಬರಿದು ಮಾಡ್ತದೆ ಕಣಪ್ಪ."

"ಹಂಗಾರೆ ದೊಡ್ಮನೆ ಕರಿಬಸವಯ್ನೋರ ಎತ್ತೇ ವಾಸಿ" ಎಂದು ನಕ್ಕ ಕೆಂಚಯ್ಯ, ಬೀಡಿ ಹಚ್ಚುತ್ತಾ ಕೇಳಿದ: "ಅಲ್ಲ, ಅವನಿಗೆ ಕುಲ ಇಲ್ಲ, ನೆಲ ಇಲ್ಲ ಅಂದೆ. ಸರಿ. ಅವನ ಹಿಂದೆ ಯಾರವ್ರೆ?"

"ಯಾರೂ ಇಲ್ಲ. ಅದ್ಕೇ ಅಲ್ವಾ ಅವನ್ನ ಮಾಡಿದ್ದು?"

ಕೆಂಚಯ್ಯನ ಕೈಯಲ್ಲಿ ಬೆಂಕಿಕಡ್ಡಿ ಉರಿದು ಆರಿತು. "ಅಯ್ಯೋ ದಡ್ಡಮುಂಡೇದೆ. ನನ್ ಮೇಲೆ ಯಾರೂ ಕೈ ಮಾಡ್ದೆ ಇರೋದು ನನಗೆ ಗದ್ದೆ ಇಲ್ಲ ಅಂತಲ್ಲ ಕಣ್ಲಾ. ಕರಿಬಸವಯ್ನೋರ ತಂದೆ ಒಂದ್ಸಲ ನನ್ ಮೇಲೆ ಗುದ್ದಲಿ ಎತ್ತಿದ್ರು. ಎತ್ತಿದ್ದು ಇಳಿಸಿದ್ರು. ಯಾಕೆ? ನನ್ ತಲೆ ಒಡುದ್ರೆ ಮಿಕ್ಕ ಮೂವತ್ತು ಮನೆಯೋರು ನಾಳೆ ಅವರ ಬಾಗಿಲಿಗೆ ಬತ್ತಾರೆ, ತೂಬು ಎತ್ತೋರಿಲ್ಲ ಅಂತ. ನೀರಗಂಟಿ ಹಿಂದೆ ಊರಿರ್ಬೇಕು. ಅಲ್ಲಿ ಅವನ ಹಿಂದೆ ಇದ್ದ ಊರು ಯಾವ್ದು? ನೀವು. ನೀವು ಗಂಟುಮೂಟೆ ಕಟ್ಕೊಂಡು ಎದ್ದು ಬಂದ್ಬುಟ್ರಿ."

ಕೆರೆಯ ನೀರು ಏರಿಗೆ ಮೆಲ್ಲಗೆ ತಾಗುತ್ತಿತ್ತು. ಅಂದಿನಿಂದ ಲಕ್ಕಪ್ಪನಿಗೆ ಒಂದೇ ಹಂಬಲ: ನೂರ್ ಬದುಕಿದ್ದಾನೆಂದು ಯಾರಾದರೂ ಹೇಳಬೇಕು.

ಹೇಳುವವರು ಯಾರು? ಆ ದೇಶದಲ್ಲಿ ಅಂಚೆಯೇ ಇರಲಿಲ್ಲ. ತೊಂಬತ್ತೇಳರಲ್ಲಿ ಲಕ್ಕಪ್ಪ ನಿವೃತ್ತನಾಗಿ ಬಂದು ಬೇಲೂರಿನ ಒಂದು ಬ್ಯಾಂಕಿನಲ್ಲಿ ಕೋವಿ ಹಿಡಿದು ಬಾಗಿಲು ಕಾಯುವ ಕೆಲಸಕ್ಕೆ ನಿಂತ. ದಿನಾ ಬೆಳಿಗ್ಗೆ ಬಸ್ಸಿಳಿದು ಚನ್ನಕೇಶವನ ಗೋಪುರಕ್ಕೆ ಹೊರಗಿನಿಂದಲೇ ಕೈ ಮುಗಿಯುವಾಗ ಕೇಳುತ್ತಿದ್ದದ್ದು ಅದೊಂದೇ. ಹೆಂಡತಿ ರಂಗಮ್ಮ, "ಮನೆಯೋರ ಹೆಸರನ್ನೂ ಒಂದಿನ ದೇವರ ಹತ್ರ ಹೇಳ್ರಿ" ಎಂದು ಹಂಗಿಸುತ್ತಿದ್ದಳು.

ಮರುವರ್ಷ ಪಿಂಚಣಿಯ ಕೆಲಸಕ್ಕೆ ಬೆಂಗಳೂರಿಗೆ ಹೊರಟು ಅರಸೀಕೆರೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾಗ, ಕೊಬ್ಬರಿ ಮೂಟೆಗಳ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನೊಬ್ಬ "ಹವಾಲ್ದಾರ್ ಸಾಹೇಬ್ರೆ!" ಎಂದು ಕೂಗಿದ. ಅದೇ ತುಕಡಿಯಲ್ಲಿದ್ದ ಚೇತನ್‌ಕುಮಾರ್, ಇನ್ನೂ ಸೇವೆಯಲ್ಲಿದ್ದವನು.

"ನಿಮ್ ಬಾವಿ ಈಗ ಫೇಮಸ್ ಗೊತ್ತಾ? ಹೊರದೇಶಕ್ಕೆ ಹೋಗೋರಿಗೆ ಟ್ರೈನಿಂಗ್ ಕೊಡ್ತಾರಲ್ಲ, ಅದರಲ್ಲಿ ತೋರಿಸಿದ್ರು. ಫೋಟೋದಲ್ಲಿ ನೂರ್ ಹಲ್ಲು ಕಿರಿದು ನಿಂತವ್ನೆ. ಹಿಂಗೆ ಮಾಡ್ಬೇಕು ಅಂತ ಪಾಠ."

"ಅವನು ಈಗ ಹೆಂಗವ್ನೆ ಅಂತ ಹೇಳಿದ್ರಾ?"

"ಅದು ಪಾಠದಲ್ಲಿ ಇರ್ಲಿಲ್ಲ" ಎಂದ ಚೇತನ್‌ಕುಮಾರ್. ಲಕ್ಕಪ್ಪನ ಮುಖ ನೋಡಿ ದನಿ ತಗ್ಗಿಸಿದ. "ಯುದ್ಧದಲ್ಲಿ ಕಾಣೆಯಾದೋರನ್ನ ಹುಡುಕಿಕೊಡೋ ಒಂದು ಸಂಸ್ಥೆ ಐತೆ, ಸಾಹೇಬ್ರೆ. ಫಾರಂ ತುಂಬಿ ಕಳಿಸ್ಬೇಕು. ದಿಲ್ಲಿ ವಿಳಾಸ ಕೊಡ್ತೀನಿ."

ಫಾರಂ ತರಿಸಿಕೊಂಡು, ಬ್ಯಾಂಕಿಗೆ ಬಂದುಹೋಗುತ್ತಿದ್ದ ಹೈಸ್ಕೂಲಿನ ಇಂಗ್ಲಿಷ್ ಮೇಡಂ ಕಮಲಾಕ್ಷಮ್ಮನವರ ಹತ್ತಿರ ತುಂಬಿಸಿದ. ಆಕೆ ಕನ್ನಡಕ ಏರಿಸಿ ಓದಿದರು. "ಮನೆಯವರು ಮಾತ್ರ ಬರೀಬಹುದು ಅಂತ ಇದೆಯಲ್ಲೋ ಲಕ್ಕಪ್ಪ. ರಾಜಕೀಯ ಬರೀಬಾರ್ದು, ಜಗಳ ಬರೀಬಾರ್ದು, ಕ್ಷೇಮಸಮಾಚಾರ ಅಷ್ಟೇ. ನಿನಗೂ ಅವನಿಗೂ ಏನು ಸಂಬಂಧ?"

"ಅಣ್ಣ ಅಂತ ಬರೀರಿ ಮೇಡಮ್ಮೋರೆ."

"ಅಣ್ಣ ಲಕ್ಕಪ್ಪ, ತಮ್ಮ ನೂರ್. ನಿಮ್ಮಮ್ಮ ಇದ್ದಿದ್ದರೆ ಪೊರಕೆ ತಗೋತಿದ್ದರು" ಎಂದು ನಗುತ್ತಲೇ ಬರೆದರು.

ಎರಡು ವರ್ಷ ಎಂಟು ತಿಂಗಳು ಏನೂ ಬರಲಿಲ್ಲ. ಆದರೆ ಬಂತು. ಎರಡು ಸಾವಿರದ ಒಂದನೆಯ ಇಸವಿಯ ಏಪ್ರಿಲಿನಲ್ಲಿ, ತಿಮ್ಮನಕೊಪ್ಪಲಿಗೆ ಅಂಚೆ ತರುವ ಕೃಷ್ಣಪ್ಪ ಸೈಕಲ್ಲಿನಿಂದ ಇಳಿಯದೆ ಬೇಲಿಯಾಚೆಯಿಂದಲೇ ಕೂಗಿದ. "ಏನ್ಲಾ ಲಕ್ಕ, ಅಲ್ಲೊಂದು ಸಂಸಾರ ಮಡಗಿದ್ದೀಯಾ ಹೆಂಗೆ? ಏಳು ದೇಶದ ಮೊಹರು ಬಿದ್ದೈತೆ ಇದ್ರ ಮೇಲೆ! ರಂಗಮ್ಮಾ, ನೋಡ್ಕಳವ್ವ ನಿನ್ ಗಂಡನ್ನ!"

ಆ ಕಾಗದ ಹೇಗೆ ಬಂತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಯಾರೋ ಒಬ್ಬರು, ಹೆಸರು ಗೊತ್ತಿಲ್ಲದವರು, ಕೀನ್ಯಾ ದೇಶದ ಗಡಿಯ ಮರಳಿನಲ್ಲಿ ಲಕ್ಷ ಜನ ನಿರಾಶ್ರಿತರಿರುವ ಡೇರೆಗಳ ನಡುವೆ, ಒಂದು ಪಟ್ಟಿ ಹಿಡಿದು, ನೂರ್ ಎಂಬ ಕಮ್ಮಾರನ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಬಿಸಿಲಿನಲ್ಲಿ ಕೂಗಿಕೊಂಡು ಹೋಗಿರಬೇಕು. ಅದಕ್ಕೆ ಒಂದು ಹೆಂಗಸು ಓಗೊಟ್ಟಿರಬೇಕು. ಮನುಷ್ಯರು ಮನುಷ್ಯರಿಗಾಗಿ ಇಷ್ಟನ್ನು ಮಾಡುತ್ತಾರೆ.

ಲಕ್ಕಪ್ಪ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬೇಲೂರಿಗೆ ಹೋದ. ಶಾಲೆಯ ಜಗುಲಿಯಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಕಮಲಾಕ್ಷಮ್ಮ ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು.

"ಲಕ್ಕಪ್ಪನಿಗೆ ಹಲೀಮಾ ತಿಳಿಸುವುದು. ನಾನೂ ಮಗ ಯೂಸುಫನೂ ಚೆನ್ನಾಗಿದ್ದೇವೆ. ನೂರ್ ಇಲ್ಲ. ನೀವು ಹೋದ ಹತ್ತೊಂಬತ್ತನೆಯ ದಿನ ಬಾವಿಯ ಹತ್ತಿರ ತೀರಿಕೊಂಡ. ಬೆಟ್ಟದವರು ಬಂದು ಬೀಗದ ಕೈ ಕೇಳಿದರು, ಕೊಡಲಿಲ್ಲ. ಹಳ್ಳದವರು ಬಂದು ಕೇಳಿದರು, ಕೊಡಲಿಲ್ಲ. ಓಡೋಣ ಎಂದು ನಾನು ಕಾಲು ಹಿಡಿದೆ. ಯಾರ ಕಡೆಯೂ ಅಲ್ಲದವನನ್ನು ಯಾರೂ ಮುಟ್ಟುವುದಿಲ್ಲ, ಲಕ್ಕಾ ಭಾಯ್ ಹೇಳಿದ್ದಾನೆ ಎಂದ. ಗುಂಡು ಯಾರದೆಂದು ಕೇಳಲು ನಮಗೆ ಕುಲವಿಲ್ಲ."

ಕಮಲಾಕ್ಷಮ್ಮ ನಿಲ್ಲಿಸಿದರು. "ನೀರು ಕುಡೀತೀಯಾ?"

"ಓದಿ ಮೇಡಮ್ಮೋರೆ."

"ಈಗ ಒಂದು ಸಂಸ್ಥೆಯವರು ಶಿಬಿರಕ್ಕೆ ಬಂದಿದ್ದಾರೆ. ಬೂರ್‌ದೇರದ ಬಾವಿ ಸರಿ ಮಾಡಿಸುತ್ತಾರಂತೆ. ಬೀಗದ ಕೈಗೆ ಯಾವ ಕುಲಕ್ಕೂ ಸೇರದವನೇ ಬೇಕಂತೆ. ಹಿಂದೆ ಎಂಟು ತಿಂಗಳು ಹಾಗೆ ಚೆನ್ನಾಗಿ ನಡೆದಿತ್ತೆಂದು ಅವರ ಪುಸ್ತಕದಲ್ಲಿದೆಯಂತೆ. ಯೂಸುಫ್ ಹೋಗುತ್ತೇನೆ ಎನ್ನುತ್ತಾನೆ. ಅವನಿಗೀಗ ಇಪ್ಪತ್ತೊಂದು. ಇದು ನನ್ನ ಅಪ್ಪನ ಕೆಲಸ, ಇಲ್ಲಿ ಡೇರೆಯಲ್ಲಿ ಸಾಲು ನಿಂತು ಹಿಟ್ಟು ತಿನ್ನಲಾರೆ ಎನ್ನುತ್ತಾನೆ. ಕಳಿಸಲೋ ಬೇಡವೋ ನೀನು ಹೇಳು. ನೂರ್ ನಿನ್ನ ಮಾತು ಕೇಳಿದ. ಮಗನೂ ಕೇಳುತ್ತಾನೆ. ಅಕ್ಟೋಬರಿನ ಮಳೆ ಬರುವ ತನಕ ತಡೆದಿರುತ್ತೇನೆ."

ಕಮಲಾಕ್ಷಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ದನಿ ಇಳಿದಿತ್ತು. "ಇದು ಬರೆದದ್ದು ಹೋದ ಜೂನಿನಲ್ಲಿ ಲಕ್ಕಪ್ಪ. ಹತ್ತು ತಿಂಗಳಾಗಿದೆ."

ಅಕ್ಟೋಬರ್ ಕಳೆದು ಆರು ತಿಂಗಳು.

ಆ ಸಂಜೆ ಲಕ್ಕಪ್ಪ ದೇವಸ್ಥಾನದ ಒಳಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಕೂತ. ಪ್ರವಾಸಿಗಳು ತಲೆಯೆತ್ತಿ ಮದನಿಕೆಯರನ್ನು ನೋಡುತ್ತಿದ್ದರು. ನಾಲ್ಕು ವರ್ಷ ಒಂದೇ ಮಾತು ಕೇಳಿಕೊಂಡು ಬಂದಿದ್ದ ದೇವರ ಮುಂದೆ, ಈಗ ಕೇಳುವುದೇನೆಂದು ಗೊತ್ತಾಗಲಿಲ್ಲ. ಕೇಳಿದ್ದು ಮುಗಿದುಹೋದ ಸಂಗತಿಯಾಗಿತ್ತು. ಅವನು ಪ್ರಾರ್ಥನೆ ಶುರು ಮಾಡುವ ಮೊದಲೇ ನೂರ್ ಸತ್ತಿದ್ದ. ಮಂಗಳಾರತಿಯ ಗಂಟೆ ಮೊಳಗಿತು. ಎದ್ದು ನಿಂತ, ಕೈ ಮುಗಿದ, ತುಟಿ ಅಲ್ಲಾಡಿಸಲಿಲ್ಲ.

ಮಾರನೆಯ ದಿನ ಭಾನುವಾರ. ಕೆಂಚಯ್ಯನಿಗೆ ಎಪ್ಪತ್ತಾರು ದಾಟಿತ್ತು. ಗದ್ದೆಯವರು ಒಬ್ಬೊಬ್ಬರಾಗಿ ಬೋರ್ ಹಾಕಿಸಿಕೊಂಡು ಕೆರೆಯನ್ನು ಮರೆಯುತ್ತಿದ್ದ ಕಾಲ ಅದು. ಆದರೂ ಬೆಳಿಗ್ಗೆ ಎದ್ದು ಏರಿಯ ಮೇಲೆ ಒಂದು ಸುತ್ತು ಹೋಗಿಬರುತ್ತಿದ್ದ. ಮಗ ಕಾಗದದ ವಿಷಯ ಹೇಳಿದಾಗ ಹುಣಸೆಮರದ ಬುಡದಲ್ಲಿ ಕೂತುಬಿಟ್ಟ.

"ನನ್ ಹೆಸರನ್ನೂ ಹೇಳಿದ್ದೆ ಅಲ್ವೇನ್ಲಾ ಅವನಿಗೆ? ನಲವತ್ತು ವರ್ಷ ಏಟು ಬಿದ್ದಿಲ್ಲ ಅಂತ?"

"ಹೇಳಿದ್ದೆ ಕಣಪ್ಪ."

ಮುದುಕ ನೀರಿನ ಕಡೆ ಮುಖ ತಿರುಗಿಸಿದ. "ಬೇಡ ಅಂತ ಬರಿ."

"ಬೇಡ ಅಂದ್ರೆ ಬಾವಿ ಯಾರು ನೋಡ್ತಾರೆ? ಯಾರೂ ಇಲ್ದಿದ್ರೆ ಮತ್ತೆ ಮೊದ್ಲಿನಂಗೇ ಆಯ್ತದೆ. ಹನ್ನೊಂದು ಹೆಣ ನಾನೇ ಈ ಕೈಲಿ ಎತ್ತಿದ್ದೀನಿ. ಒಂದು ಕೂಸೂ ಇತ್ತು ಅದರಾಗೆ."

"ಆ ಹನ್ನೊಂದು ನಿನ್ ಮಾತಿಗೆ ಬಿದ್ದಿದ್ದಲ್ಲ."

"ಹಂಗಾದ್ರೆ ಆ ಊರು ಬಾಯಾರಿ ಸಾಯ್ಲಿ ಅಂತೀಯಾ?"

"ನಾನೆಲ್ಲಿ ಅಂದೆ? ನೀರು ಬುಡೋಕೆ ಒಬ್ಬ ಬೇಕು. ಅವನಿಗೊಂದು ಊರು ಬೇಕು. ಊರು ಮಾಡ್ಕೊಡೋಕೆ ಯಾರ ಕೈಲಾಯ್ತದೆ? ನಿನ್ ಕೈಲಾಯ್ತದಾ? ಆ ಪುಸ್ತಕ ಬರ್ಕೊಂಡೋರ ಕೈಲಾಯ್ತದಾ?" ಕೆಂಚಯ್ಯನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದ. "ಅವಳು ಆ ಊರನ್ನ ಕೇಳಿಲ್ಲ ಕಣ್ಲಾ. ಮಗನ್ನ ಕೇಳವ್ಳೆ. ಬರಿ."

ಲಕ್ಕಪ್ಪ ಬರೆಸಿದ. 'ಕಳಿಸಬೇಡ. ನೂರ್‌ಗೆ ನಾನು ಹೇಳಿದ್ದು ತಪ್ಪು. ನಮ್ಮಪ್ಪನ ಹಿಂದೆ ಊರಿತ್ತು, ಅದನ್ನು ನಾನು ಅವನಿಗೆ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.' ಇದು ಕ್ಷೇಮಸಮಾಚಾರವೇ ಎಂದು ಕಮಲಾಕ್ಷಮ್ಮ ಕೇಳಲಿಲ್ಲ. ಸಂಬಂಧದ ಜಾಗದಲ್ಲಿ ತಾವಾಗಿಯೇ ಅಣ್ಣ ಎಂದು ಬರೆದರು.

ಬಾವಿ ಸರಿ ಮಾಡಿಸುವ ಸಂಸ್ಥೆಯ ವಿಳಾಸವನ್ನೂ ಆಕೆಯೇ ಹೇಗೋ ಪತ್ತೆ ಮಾಡಿ, ಎರಡು ಪುಟದ ಇಂಗ್ಲಿಷ್ ಕಾಗದ ಬರೆದು ಹಾಕಿದರು. ಆ ಬಾವಿಯ ಏರ್ಪಾಟು ಮಾಡಿದವನೇ ಹೇಳುತ್ತಿದ್ದಾನೆ, ಅದು ಎಂಟು ತಿಂಗಳು ನಡೆದದ್ದು ಕೋವಿ ಹಿಡಿದವರು ಪಕ್ಕದಲ್ಲಿ ನಿಂತಿದ್ದರಿಂದ, ಹತ್ತೊಂಬತ್ತನೆಯ ದಿನ ಏನಾಯಿತೆಂದು ದಯವಿಟ್ಟು ನಿಮ್ಮ ಪುಸ್ತಕದಲ್ಲಿ ಸೇರಿಸಿ ಎಂದು. ಅದಕ್ಕೆ ಉತ್ತರ ಆರೇ ವಾರದಲ್ಲಿ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಅಚ್ಚಾದ ಎರಡು ಸಾಲು, ಜೊತೆಗೊಂದು ನುಣುಪು ಕಾಗದದ ಪುಸ್ತಿಕೆ. ಹನ್ನೆರಡನೆಯ ಪುಟದಲ್ಲಿ ನೂರ್ ಪಂಪಿನ ಮೇಲೆ ಕೈಯಿಟ್ಟು ನಗುತ್ತಿದ್ದ. ಹಿಂದೆ, ಅಂಚಿನಲ್ಲಿ, ನೀಲಿ ಟೋಪಿಯ ಒಂದು ಭುಜ ಕಾಣುತ್ತಿತ್ತು. ಅದು ತನ್ನದೇ ಎಂದು ಲಕ್ಕಪ್ಪ ಯಾರಿಗೂ ಹೇಳಲಿಲ್ಲ.

ಆಮೇಲೆ ಕಾದ. ಮುಂಗಾರು ಬಂತು, ಕೆರೆ ಅರ್ಧ ತುಂಬಿತು. ಕೃಷ್ಣಪ್ಪನ ಸೈಕಲ್ ಗಂಟೆ ಕೇಳಿದರೆ ಲಕ್ಕಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. ಮೊದಮೊದಲು ಕೃಷ್ಣಪ್ಪ, "ಇವತ್ತೂ ನಿನ್ ಸೊಮಾಲಿ ನಾದಿನಿ ಮುನಿಸ್ಕೊಂಡವ್ಳೆ ಕಣ್ಲಾ" ಎನ್ನುತ್ತಿದ್ದ. ಬರುಬರುತ್ತಾ ಅನ್ನುವುದನ್ನು ಬಿಟ್ಟ. ದೂರದಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಿದ್ದ. ರಂಗಮ್ಮನೂ ಹಂಗಿಸುವುದನ್ನು ನಿಲ್ಲಿಸಿ, ದೀಪ ಹಚ್ಚುವಾಗ ಯೂಸುಫ್ ಎಂಬ ಹೆಸರನ್ನು ತನಗೆ ತಿಳಿದಂತೆ ಈಸಪ್ಪ ಎಂದು ಮಾಡಿಕೊಂಡು, ಅವನನ್ನು ಕಾಯಪ್ಪ ಎಂದು ಒಂದು ಹೂವು ಹೆಚ್ಚಿಗೆ ಏರಿಸುತ್ತಿದ್ದಳು.

ಎರಡು ಸಾವಿರದ ಎರಡರ ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಕೃಷ್ಣಪ್ಪ ಬಂದ. ಸೈಕಲ್ ನಿಲ್ಲಿಸಿ, ಇಳಿದು, ಅಂಗಳದೊಳಕ್ಕೆ ಬಂದು ಕೈಗೆ ಕೊಟ್ಟ. ಲಕ್ಕಪ್ಪ ಬರೆಸಿದ್ದ ಕಾಗದವೇ ವಾಪಸು ಬಂದಿತ್ತು. ಬಿಚ್ಚಿರಲಿಲ್ಲ. ಮೇಲೆ ಒಂದು ಮೊಹರು, ಅದರ ಕೆಳಗೆ ಯಾರೋ ಪೆನ್ನಿನಲ್ಲಿ ತುಂಬಿದ ಎರಡು ಸಾಲು. ಅಷ್ಟು ಇಂಗ್ಲಿಷನ್ನು ಸೈನ್ಯದಲ್ಲಿದ್ದವನು ತಾನೇ ಓದಬಲ್ಲವನಾಗಿದ್ದ.

'ವಿಳಾಸದಾರರು ಶಿಬಿರದಲ್ಲಿಲ್ಲ. ಸ್ವಂತ ಇಚ್ಛೆಯಿಂದ ಊರಿಗೆ ಹಿಂದಿರುಗಿದ್ದಾರೆ. ಸ್ಥಳ: ಬೂರ್‌ದೇರ. ಜನ: ಇಬ್ಬರು. ತಾರೀಕು: ನವೆಂಬರ್ 2, 2000.'

ಅಕ್ಟೋಬರಿನ ಮಳೆ ಬರುವ ತನಕ ತಡೆಯುತ್ತೇನೆ ಎಂದಿದ್ದಳು, ತಡೆದಿದ್ದಳು. ಎರಡು ದಿನ ಹೆಚ್ಚಿಗೆಯೇ ತಡೆದಿದ್ದಳು. ಅವಳ ಪ್ರಶ್ನೆ ಆಗಿನ್ನೂ ಯಾವುದೋ ದೇಶದ ಅಂಚೆ ಚೀಲದಲ್ಲಿತ್ತು.

ಕಾಗದ ಹಿಡಿದು ಏರಿಯ ಕಡೆ ಹೋಗುವಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಕರಿಬಸವಯ್ಯನವರು ಕರೆದರು. ಊರಿನಲ್ಲಿ ಹೆಚ್ಚು ಗದ್ದೆ ಇದ್ದ ಹಿರಿಯರು, ಈ ಸುದ್ದಿಯನ್ನು ಅಷ್ಟಿಷ್ಟು ಬಲ್ಲವರು. "ಏನಂತೋ ಲಕ್ಕ? ಸುದ್ದಿ ಬಂತಾ?"

"ಬಂತು ಅಯ್ಯನೋರೆ. ಊರಿಗೆ ಹೋದ್ರಂತೆ."

"ಒಳ್ಳೇದೇ ಆಯ್ತಲ್ಲ! ಎಷ್ಟು ದಿನ ಅಂತ ಡೇರೇಲಿ ಇದ್ದಾರು? ಸ್ವಂತ ಊರು ಅಂದ್ರೆ ಸ್ವಂತ ಊರೇ. ಹೋಗಿ ನಿಮ್ಮಪ್ಪನಿಗೂ ಹೇಳು, ಕೊರಗ್ತಾ ಇದ್ದ."

"ಹೂಂ, ಅಯ್ಯನೋರೆ."

ಕೆಂಚಯ್ಯ ತೂಬಿನ ಕಲ್ಲಿನ ಪಕ್ಕ, ಬಿಸಿಲು ಕಾಯಿಸುತ್ತಾ ಕೂತಿದ್ದ. ಕಣ್ಣು ಮಂಜಾಗಿತ್ತು, ಕಾಲ ಸದ್ದಿನಿಂದಲೇ ಮಗನನ್ನು ಗುರುತಿಸಿದ.

"ಏನಂತ್ಲಾ?"

"ಊರಿಗೆ ಹೋಗವ್ರೆ ಕಣಪ್ಪ. ನಾವು ಬರೆಯೋಕೆ ಮುಂಚೇನೇ."

"ಒಬ್ಳೇನಾ?"

"ಇಬ್ರು ಅಂತ ಬರ್ದವ್ರೆ."

ಮುದುಕ ಎರಡೂ ಕೈಯಿಂದ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಮ್ಮ ಕಡೆ ಸಾವಿನ ಸುದ್ದಿ ಕೇಳಿದ ಗಂಡಸರು ಹಾಗೆ ತೆಗೆದಿಡುತ್ತಾರೆ.

"ಅಪ್ಪಾ, ಅದ್ಯಾಕೆ? ಹುಡುಗ ಸತ್ತ ಅಂತ ಯಾರೂ ಬರೆದಿಲ್ಲವಲ್ಲ" ಎಂದ ಲಕ್ಕಪ್ಪ. "ಹಾಕ್ಕೊಳಪ್ಪ ಅದನ್ನ."

ಕೆಂಚಯ್ಯ ಹಾಕಿಕೊಳ್ಳಲಿಲ್ಲ. ಬಿಳಿಕೂದಲ ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಲಕ್ಕಪ್ಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಇನ್ನೊಮ್ಮೆ ಹೇಳಲು ಹೊರಟವನು ಕಾಗದವನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡ.